ಕಳಸಗಿತ್ತಿ ಇಲ್ಲದ ಮದುವೆ

ನನ್ನ ಅಂಗಡಿಗೆ ಹಳೇ ಮದುವೆ ಕ್ಯಾಸೆಟ್ಟು ಹಿಡಿದು ಬರುವವರನ್ನು ಕಂಡರೆ ನನಗೆ ಅರ್ಧ ಸಿಟ್ಟು ಮೊದಲೇ ಬಂದಿರುತ್ತದೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿರುತ್ತದೆ ಎಂದಲ್ಲ, ಬೂಷ್ಟನ್ನು ಒರೆಸಬಹುದು. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ಸಂದಿಯಲ್ಲಿ ಬಿಸಾಕಿ, ಇಲಿ ಪಿಕ್ಕೆ ಸಮೇತ ತಂದು ಮೇಜಿನ ಮೇಲೆ ಇಡುತ್ತಾರೆ ಎಂದೂ ಅಲ್ಲ. "ಇದನ್ನ ಡಿವಿಡಿ ಮಾಡ್ಕೊಡಿ" ಎಂದ ಬಾಯಿ ಮುಚ್ಚುವ ಮುಂಚೆಯೇ "ಅಂಗೇ ಇಂಥೋರನ್ನ ತೆಗೆದಾಕ್ಬುಡಿ" ಎನ್ನುತ್ತಾರೆ. ಮನೆ ಬಿಟ್ಟು ಹೋಗಿ ಮದುವೆಯಾದ ಅಕ್ಕ, ಡೈವೋರ್ಸ್ ಆದ ಭಾವ, ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಎದುರು ಪಾರ್ಟಿಗೆ ಹೋದ ದೊಡ್ಡಪ್ಪನ ಮಗ. ಇಷ್ಟು ವರ್ಷ ಅಟ್ಟದಲ್ಲಿ ತೆಪ್ಪಗೆ ಬಿದ್ದಿದ್ದ ಮದುವೆಯೊಳಗೆ ಈವತ್ತಿನ ಜಗಳವನ್ನು ತುರುಕಿಕೊಡಲು ನಾನೇ ಬೇಕು ಇವರಿಗೆ.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ ನನ್ನ ಅಂಗಡಿ. ಒಂದು ಹಳೇ ವಿಸಿಆರ್, ಒಂದು ಕಂಪ್ಯೂಟರ್, ಒಂದು ಫ್ಯಾನು. ಕ್ಯಾಸೆಟ್ಟಿನಲ್ಲಿರುವುದನ್ನು ಡಿಸ್ಕಿಗೆ ಇಳಿಸುವುದು ಅವಸರದ ಕೆಲಸವಲ್ಲ. ಫೋಟೋ ಜೆರಾಕ್ಸ್ ಮಾಡಿದಂತೆ ಒಂದೇ ಏಟಿಗೆ ಆಗುವುದಿಲ್ಲ. ಮದುವೆ ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತೂ ಅದು ಕಂಪ್ಯೂಟರಿಗೆ ಇಳಿಯುತ್ತಿರುತ್ತದೆ, ನಾನು ಎದುರಿಗೆ ಕೂತು ನೋಡುತ್ತಲೇ ಇರಬೇಕು. ಹಾಗಾಗಿ ಈ ಸುತ್ತಿನ ಎಷ್ಟೋ ಮನೆಗಳಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡು ಊಟಕ್ಕೆ ಕೂರಲಿಲ್ಲ, ಯಾರು ಧಾರೆಯ ಹೊತ್ತಿನಲ್ಲಿ ಅತ್ತರು ಎಂಬುದೆಲ್ಲ ಆ ಮನೆಯವರಿಗಿಂತ ಚೆನ್ನಾಗಿ ನನಗೆ ಗೊತ್ತು.

ಆದರೆ ಇದು ನನ್ನ ಕಥೆಯಲ್ಲ, ಪ್ರಮೀಳಕ್ಕನದು. ಅವಳನ್ನು ನಾನು ಮೊದಲು ನೋಡಿದ್ದು ಅಂಥದೊಂದು ಕ್ಯಾಸೆಟ್ಟಿನಲ್ಲಿ. ತಂದವನು ಅವಳ ಸ್ವಂತ ಅಣ್ಣ ನಿಂಗರಾಜು.

ನಿಂಗರಾಜು ನಮ್ಮ ತಾಲ್ಲೂಕಿನವನೇ, ನಾಲೆ ಕೆಳಗಿನ ಗದ್ದೆ ಇರುವ ಕುಳ. ಬಿಳಿ ಅಂಗಿ, ಬೆರಳಿಗೆ ಉಂಗುರ. ಒಳಗೆ ಬರುವ ಮುಂಚೆ ಬಾಗಿಲಲ್ಲೇ ನಿಂತು, "ನೀವು ಯಾವೂರಮ್ಮ? ಯಾರ ಪೈಕಿ?" ಎಂದು ಕೇಳಿದ. ಈ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು.

"ಕಂಪ್ಯೂಟರ್ ಪೈಕಿ ಸಾರ್. ಕ್ಯಾಸೆಟ್ ಕೊಡಿ" ಎಂದೆ.

ಅವನು ನಗಲಿಲ್ಲ, ಕ್ಯಾಸೆಟ್ಟು ಕೊಟ್ಟ. "ನಮ್ ಮದ್ವೇದು. ಇಪ್ಪತ್ತೈದನೇ ವರ್ಸದ ಫಂಕ್ಷನ್ ಮಡಿಕಂಡಿವ್ನಿ, ಶ್ರೀರಂಗಪಟ್ಟಣದ ಛತ್ರದಲ್ಲಿ. ದೊಡ್ಡ ಪರದೆ ಮ್ಯಾಲೆ ತೋರುಸ್ಬೇಕು. ನೀವೇ ಬಂದು ಆಕ್ಕೊಡ್ಬೇಕು. ಆಮೇಲೆ ಇನ್ನೊಂದು ಇಸ್ಯ. ಇದ್ರಲ್ಲಿ ಅಸ್ರು ಸೀರೆ ಉಟ್ಕಂಡ್ ಒಬ್ಳವ್ಳೆ. ಅವ್ಳು ಎಲ್ಲೂ ಕಾಣ್ಬಾರ್ದು."

"ಯಾರವರು?"

"ನನ್ ತಂಗಿ ಪ್ರಮೀಳಾ. ತಂಗಿ ಆಗಿದ್ಲು. ಈಗ ಕೋರ್ಟ್‌ಗೆ ಆಕವ್ಳೆ, ಗದ್ದೇಲಿ ಪಾಲು ಬೇಕಂತೆ. ಮದ್ವೆ ಮಾಡಿ, ಒಡ್ವೆ ಆಕಿ ಕಳ್ಸಿದ್ದು ಸಾಲ್ದಾ? ನಾಲ್ಕು ಜನದ ಮುಂದೆ ಅವ್ಳ ಮುಖ ನಂಗೆ ಬ್ಯಾಡ."

ಗಿರಾಕಿಯ ಮುಖಕ್ಕೆ ಬಾಗಿಲು ಹಾಕುವಷ್ಟು ಅನುಕೂಲ ನನಗಿಲ್ಲ. ನೋಡೋಣ ಎಂದು ಕ್ಯಾಸೆಟ್ಟು ತೆಗೆದುಕೊಂಡೆ.

ಅದನ್ನು ಒರೆಸಿ, ಹರಿದ ಕಡೆ ಅಂಟಿಸಿ, ವಿಸಿಆರ್‌ಗೆ ಹಾಕಿ ಕೂತೆ. ಚಪ್ಪರ, ಎಣ್ಣೆ ಶಾಸ್ತ್ರ, ಹೂವಿನಲ್ಲಿ ಮುಚ್ಚಿಹೋದ ಅಂಬಾಸಿಡರ್ ಕಾರು. ಅದರಿಂದ ಇಳಿದ ತೆಳ್ಳಗಿನ ನಿಂಗರಾಜು. ಅಂದಿನ ವಿಡಿಯೋದವನು ಇಡೀ ಮದುವೆಯ ಮಾತನ್ನೆಲ್ಲ ಅಳಿಸಿ, ಮೇಲೆ ಸಿನಿಮಾ ಹಾಡು ಸುರಿದಿದ್ದ. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಅದಕ್ಕೂ ನನಗೆ ಸಿಟ್ಟಿದೆ. ಸತ್ತವರ ದನಿ ಕೇಳಬೇಕೆಂದು ಜನ ಬರುತ್ತಾರೆ, ಕೇಳುವುದು ಯಾರೋ ನಾಯಕ ನಾಯಕಿಯ ಯುಗಳಗೀತೆ.

ಆಮೇಲೆ ಹಸಿರು ಸೀರೆ ಬಂತು. ಬಂದದ್ದು ಹೋಗಲೇ ಇಲ್ಲ.

ಯಾಕೆಂದರೆ ಪ್ರಮೀಳಾ ಆ ಮದುವೆಯ ಕಳಸಗಿತ್ತಿ. ನಮ್ಮ ಕಡೆ ಗೌಡರ ಮದುವೆಗಳಲ್ಲಿ ಗಂಡಿನ ತಂಗಿ ಕಳಸ ಹಿಡಿದು ಹಸೆಮಣೆಯ ಪಕ್ಕದಲ್ಲೇ ನಿಂತಿರುತ್ತಾಳೆ. ಮದುಮಕ್ಕಳು ಎಲ್ಲಿಗೆ ಹೋದರೆ ಅವಳೂ ಅಲ್ಲಿಗೆ. ಶಾಸ್ತ್ರ ಮುಗಿಯುವವರೆಗೂ ಕಳಸವನ್ನು ಕೆಳಗಿಡುವಂತಿಲ್ಲ, ಅವಳು ಆಚೆ ಈಚೆ ಹೋಗುವಂತಿಲ್ಲ. ಧಾರೆ ಎರೆಯುವಾಗ ಅವಳಿದ್ದಾಳೆ. ತಾಳಿ ಕಟ್ಟುವಾಗ ಅಣ್ಣನ ಭುಜಕ್ಕೂ ಅತ್ತಿಗೆಯ ಭುಜಕ್ಕೂ ನಡುವೆ ಅವಳ ಮುಖವೇ ಇದೆ. ಸಪ್ತಪದಿಯಲ್ಲಿ ಹಿಂದೆಯೇ ಇದ್ದಾಳೆ. ತಂಗಿಯನ್ನು ಕತ್ತರಿಸಬೇಕೆಂದರೆ ಮದುವೆಯನ್ನೇ ಕತ್ತರಿಸಬೇಕು. ತನ್ನ ಮದುವೆಯಲ್ಲಿ ಕಳಸ ಹಿಡಿದವಳು ಯಾರೆಂಬುದನ್ನೇ ಮರೆತ ಗಂಡಸಿಗೆ ಏನು ಹೇಳಬೇಕು?

ಒಂದು ಕಡೆ ಒಬ್ಬ ಹೆಂಗಸು, ದೊಡ್ಡ ಕುಂಕುಮ, ಕೆಂಪು ಅಂಚಿನ ಸೀರೆ, ಜನರ ಮಧ್ಯೆ ನುಗ್ಗಿಕೊಂಡು ಬಂದು ಕಳಸಗಿತ್ತಿಯ ಮೊಣಕೈಗೆ ತನ್ನ ಅಂಗೈ ಕೊಟ್ಟು ನಿಲ್ಲುತ್ತಾಳೆ. ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಾಳೆ. ಹುಡುಗಿ ನಗುತ್ತಾಳೆ. ಮೇಲೆ ಸಿನಿಮಾ ಹಾಡು ಒದರುತ್ತಿರುತ್ತದೆ.

ನಿಂಗರಾಜುವಿಗೆ ಫೋನು ಮಾಡಿದೆ. "ಅಣ್ಣ, ಅವರನ್ನ ತೆಗೆದ್ರೆ ತಾಳಿ ಕಟ್ಟೋದೂ ಹೋಗುತ್ತೆ, ಧಾರೇನೂ ಹೋಗುತ್ತೆ."

"ಅದೆಂಗಮ್ಮ? ಈಗ ಕಂಪ್ಯೂಟರ್‌ನಲ್ಲಿ ಏನ್ ಬೇಕಾದ್ರೂ ಮಾಡ್ಬೋದಂತಲ್ಲ. ಮುಖ ಮುಚ್ಚಿ."

ಸರಿ, ಮುಚ್ಚೋಣ ಎಂದು ಅವಳ ಮುಖದ ಮೇಲೆ ಒಂದು ಗುಲಾಬಿ ಹೂವು ಕೂರಿಸಿದೆ. ಒಂದು ತುಣುಕನ್ನು ಅವನ ಮೊಬೈಲಿಗೆ ಕಳಿಸಿದೆ. ತಕ್ಷಣ ಫೋನು ಬಂತು.

"ಏನಮ್ಮ ಇದು, ಗುಲಾಬಿ ಊವು ಸೀರೆ ಉಟ್ಕಂಡು ಕಳಸ ಇಡ್ಕಂಡ್ ನಿಂತದೆ! ತಮಾಸೆ ಮಾಡ್ತಾ ಇದೀಯಾ? ಅವ್ಳಿರೋ ಜಾಗ ಪೂರ್ತಿ ಕತ್ತರ್ಸಾಕು."

"ಕತ್ತರಿಸಿದ್ಮೇಲೆ ಒಂದ್ಸಲ ಬಂದು ನೋಡಿ."

"ನಂಗೆ ಟೈಮಿಲ್ಲ. ಏಳ್ದಷ್ಟು ಮಾಡು."

ಅಂದಮೇಲೆ ಹೇಳಿದಷ್ಟೇ ಮಾಡಿದೆ. ಅವಳಿರುವುದನ್ನೆಲ್ಲ ತೆಗೆದೆ. ಪೂರ್ತಿ ಮದುವೆಯನ್ನು ಮಾತ್ರ ಬೇರೆಯಾಗಿ ಇಟ್ಟುಕೊಂಡೆ. ಅದನ್ನು ಅಳಿಸು ಎಂದು ಅವನು ಹೇಳಿರಲಿಲ್ಲ, ಹೇಳಿದ್ದರೂ ಅಳಿಸುತ್ತಿರಲಿಲ್ಲ.

ಅದೇ ವಾರ ಒಬ್ಬ ಹೆಂಗಸು ನಾಗಮಂಗಲದ ಬಸ್ಸಿಳಿದು ಅಂಗಡಿ ಹುಡುಕಿಕೊಂಡು ಬಂದಳು. ಕಪ್ಪಗೆ, ಗಟ್ಟಿಯಾಗಿ, ಕೈಯಲ್ಲಿ ವೈರಿನ ಬ್ಯಾಗು. ಹಸಿರು ಸೀರೆಯ ಹುಡುಗಿಯೇ ಎಂದು ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ಬಂದವಳೇ ಬೈಯಲು ಶುರುಮಾಡಿದಳು.

"ನೀನೇನವ್ವ ನನ್ನ ಕತ್ತರ್ಸಾಕ್ದೋಳು? ನಮ್ಮಣ್ಣನ ಮಗಳು ಅರ್ಪಿತ ಫೋನ್ ಮಾಡಿ ಯೋಳುದ್ಲು. ಅವ್ನು ಏಳ್ದ ಅಂತ ನೀನು ಕತ್ತರ್ಸ್ಬುಡೋದಾ? ಎಣ್ಣೆಂಗ್ಸಾಗಿ ಒಂದ್ ಮಾತು ಕೇಳ್ಬ್ಯಾಡ್ವಾ?"

"ಕೇಳಿದೆ ಅಕ್ಕ. ಅವ್ರು ಕೇಳಿಸ್ಕೊಳ್ಳಲಿಲ್ಲ."

"ಅವ್ನು ಎಂದು ಕೇಳಿಸ್ಕಂಡವ್ನೆ?" ಎಂದು ಸ್ಟೂಲ್ ಎಳೆದುಕೊಂಡು ಕೂತಳು. ಒಂದು ಲೋಟ ನೀರು ಕುಡಿದ ಮೇಲೆ ಸ್ವಲ್ಪ ತಣ್ಣಗಾದಳು. "ನನ್ನ ತೆಗೀಲಿ ಬುಡು, ನನ್ ಮುಖ ಕನ್ನಡೀಲಿ ದಿನಾ ನೋಡ್ಕತೀನಿ. ಅದ್ರಲ್ಲಿ ನಮ್ಮವ್ವ ಅವ್ಳೆ. ಬೈರಮ್ಮ ಅಂತ. ಸತ್ತು ಭಾಳ ವರ್ಸ ಆಯ್ತು. ಮನೇಲಿರೋದು ಒಂದ್ ಫೋಟೋ, ಅದೂ ರೇಷನ್ ಕಾರ್ಡ್‌ಗೆ ತೆಗ್ಸಿದ್ದು. ಅವ್ವ ನಡ್ದಾಡದು ಇರೋದು ಇದೊಂದ್ರಲ್ಲೇ. ಅಷ್ಟು ಮಾಡ್ಕೊಡವ್ವ."

ಅಂದು ಅಂಗಡಿಯಲ್ಲಿ ಕೂತು ಅವಳು ಹೇಳಿದ್ದರಿಂದಲೇ ಅವಳ ಬದುಕು ನನಗೆ ಗೊತ್ತಾದದ್ದು. ಎಸ್ಸೆಸ್ಸೆಲ್ಸಿ ಪಾಸು. ಮುಂದೆ ಓದುತ್ತೇನೆ ಎಂದರೆ ಅಪ್ಪ ಕೆಂಪಣ್ಣ, "ನಿಮ್ಮಣ್ಣನ ಮದ್ವೆ ಮುಗೀಲಿ" ಎಂದ. ಅಣ್ಣನ ಮದುವೆ ಮುಗಿಯಿತು, ಮುಂದಿನ ವರ್ಷ ಇವಳದೇ ಮುಗಿಸಿದರು. ವರ್ಷವಿಡೀ ನಾಲೆ ನೀರಿನಲ್ಲಿ ಕಾಲು ತೊಳೆದು ಬೆಳೆದ ಹುಡುಗಿಯನ್ನು ನಾಗಮಂಗಲದ ಕಡೆ ಮಳೆ ನಂಬಿದ ಬೆದ್ದಲಿಗೆ ಕೊಟ್ಟರು. ಗದ್ದೆ ಗಂಡುಮಗನಿಗೆ, ಬೆದ್ದಲು ಹೆಣ್ಣುಮಗಳಿಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಗಂಡ ತಮ್ಮಯ್ಯ ಒಳ್ಳೆಯವನು. ತೆಂಗು, ರಾಗಿ, ಎರಡು ಸೀಮೆಹಸು. ಒಂದು ದಿನ ಕಾಯಿ ಕೀಳಲು ಹತ್ತಿದ ತಮ್ಮಯ್ಯ ಮರದಿಂದ ಬಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ.

ಪ್ರಮೀಳಕ್ಕ ಹಳ್ಳಿಯಿಂದ ನಾಗಮಂಗಲ ಪೇಟೆಗೆ ಬಂದು, ಆಫೀಸುಗಳ ಹತ್ತಿರ ಒಂದು ಶೀಟಿನ ಹೋಟೆಲ್ಲು ಹಾಕಿದಳು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು. ಅವಳ ಸಾರಿಗಿಂತ ಅವಳ ಬಾಯಿಯೇ ಹೆಚ್ಚು ಖಾರ ಎನ್ನುತ್ತಾರೆ ಅಲ್ಲಿನವರು. ತಟ್ಟೆಯಲ್ಲಿ ಮುದ್ದೆ ಬಿಟ್ಟು ಏಳಲು ಹೋದ ಆಫೀಸರೊಬ್ಬನಿಗೆ, "ಕುಂತ್ಕಳಿ ಸಾರ್, ರಾಗಿ ನಿಮ್ಮಾಫೀಸಿನ ಫೈಲಲ್ಲ ಅರ್ಧಕ್ಕೇ ಬುಟ್ಟೋಗಾಕೆ" ಎಂದಿದ್ದಳಂತೆ. ಇನ್ನೊಬ್ಬ ಊಟ ಮಾಡುತ್ತ, ತವರಿನ ಮೇಲೆ ಕೇಸು ಹಾಕುವ ಹೆಣ್ಣುಮಕ್ಕಳು ಉದ್ಧಾರ ಆಗುವುದಿಲ್ಲ ಎಂದು ಯಾರನ್ನೋ ನೆಪ ಮಾಡಿ ಇವಳಿಗೆ ಕೇಳುವಂತೆ ಅಂದ. ಅವನ ಮುಂದಿನ ತಟ್ಟೆಯನ್ನು ಹಾಗೇ ಎತ್ತಿಕೊಂಡು ಒಳಗೆ ಹೋದಳು. ಅವನು ಕೈಯಲ್ಲಿ ತುತ್ತು ಹಿಡಿದುಕೊಂಡು ಕೂತಿದ್ದನಂತೆ.

ತಮ್ಮಯ್ಯ ಮಂಚ ಹಿಡಿದ ಮೇಲೆ ಅವಳು ಅಣ್ಣನ ಹತ್ತಿರ ಹೋಗಿದ್ದಳು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಪಾಲು ಎಂಬ ಮಾತನ್ನು ಅವಳು ಆಡಿರಲಿಲ್ಲ, ಒಂದು ಕಡೆ ಗದ್ದೆ ಗೇಯಲು ಕೊಡು ಎಂದಷ್ಟೇ ಕೇಳಿದ್ದು. ಅವನು ಒಳಗಿನಿಂದ ತಂದದ್ದು ಹಕ್ಕು ಬಿಡುಗಡೆ ಪತ್ರ. ಟೈಪ್ ಮಾಡಿಸಿ ಸಿದ್ಧವಾಗಿ ಇಟ್ಟುಕೊಂಡಿದ್ದ. ಹಬ್ಬಕ್ಕೆ ಬಂದಾಗ ಸಹಿ ಹಾಕಿಸಿಕೊಳ್ಳೋಣವೆಂದು ಕಾಯುತ್ತಿದ್ದನಂತೆ.

"ಅವತ್ತೇ ನಂಗೆ ಮೈ ಉರ್ದೋಯ್ತು ಕಣವ್ವ" ಎಂದಳು ಪ್ರಮೀಳಕ್ಕ. "ಅವ್ನು ಸೈನ್ ಕೇಳ್ದೆ ಇದ್ದಿದ್ರೆ ಪಾಲು ಬುಡ್ತಿದ್ದೆನೋ ಏನೋ. ಅರ್ಸಿನ ಕುಂಕುಮದ ತಟ್ಟೇಲಿ ಪತ್ರ ಮಡಗಿ ಕೊಟ್ಟ. ನಾನು ಕುಂಕುಮ ತಕಂಡು, ಪತ್ರ ಅಲ್ಲೇ ಬುಟ್ಟು ಬಂದೆ. ಬಸ್‌ ಸ್ಟ್ಯಾಂಡಿಂದ ಸೀದಾ ಲಾಯರ್ ಹತ್ರ ಓದೆ."

ನಾನು ಕಂಪ್ಯೂಟರಿನಲ್ಲಿ ಪೂರ್ತಿ ಮದುವೆಯನ್ನು ಹಾಕಿದೆ. ಅವ್ವ ಜನರ ಮಧ್ಯದಿಂದ ನುಗ್ಗಿ ಬರುವಾಗ ಪ್ರಮೀಳಕ್ಕ ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಅವಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಪರದೆಗೆ ತೀರ ಹತ್ತಿರ ಬಾಗಿ ಅವ್ವನ ತುಟಿಗಳನ್ನೇ ನೋಡಿದಳು.

"ಇಲ್ಲಿ ಏನ್ ಹೇಳ್ತಾರೆ ಅಕ್ಕ? ಹಾಡು ಹಾಕಿ ಕೆಡಿಸಿಬಿಟ್ಟಿದ್ದಾರೆ."

"ಸಿನ್ಮಾ ಆಡು ಇದ್ರೆ ಏನಾಯ್ತು, ನಂಗೆ ಕೇಳುಸ್ತದೆ. 'ಕೈ ನೋಯ್ತದಾ ಮಗ? ಭಾರ ನನ್ ಮೇಲೆ ಬುಡು' ಅಂತವ್ಳೆ. ಆಮೇಲೆ, 'ನೋಡು, ನಿಮ್ಮಣ್ಣ ಎಂಗೆ ಬೆವ್ತವ್ನೆ' ಅಂದ್ಲು. ಅದ್ಕೆ ನಾನು ನಕ್ಕಿದ್ದು."

ಮತ್ತೆ ಹಾಕು ಎಂದಳು. ಹಾಕಿದೆ. ಮತ್ತೊಮ್ಮೆ ನೋಡಿದಳು. ಆಮೇಲೆ ಅವಳ ಮುಖ ಬಿಗಿಯಾಯಿತು.

"ನನ್ನ ಕತ್ತರ್ಸಾಕೆ ಓಗಿ ಅವ್ವನ್ನೂ ಕತ್ತರ್ಸವ್ನಲ್ಲ, ಅವ್ನಿಗೆ ಗೊತ್ತಾ?"

ನೋಡಿದ್ದರೆ ತಾನೇ ಅವನಿಗೆ ಗೊತ್ತಾಗುವುದು. ಅವಳಿಗೆ ಪೂರ್ತಿ ಮದುವೆಯನ್ನು ಒಂದು ಪೆನ್ ಡ್ರೈವಿಗೆ ಹಾಕಿಕೊಟ್ಟೆ. ಕ್ಯಾಸೆಟ್ಟಿನ ಯಜಮಾನನನ್ನು ಕೇಳದೆ ಕೊಟ್ಟದ್ದು ಸರಿಯೇ ಎಂದು ಯಾರಾದರೂ ಕೇಳಬಹುದು. ಕ್ಯಾಸೆಟ್ಟು ಅವನದು, ಅವ್ವ ಇಬ್ಬರದೂ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಫಂಕ್ಷನ್ನಿನ ದಿನ ನಾನು ಲ್ಯಾಪ್‌ಟಾಪು ಹೊತ್ತುಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಛತ್ರ ತುಂಬಿತ್ತು. ಪಾಲಹಳ್ಳಿ, ಕೆ.ಆರ್.ಪೇಟೆ ಕಡೆಯ ನೆಂಟರೆಲ್ಲ ಬಂದಿದ್ದರು. ವೇದಿಕೆಯ ಮೇಲೆ ಎರಡು ಸಿಂಹಾಸನ. ಒಂದರಲ್ಲಿ ನಿಂಗರಾಜು, ಇನ್ನೊಂದರಲ್ಲಿ ಹೆಂಡತಿ ಸುಧಾಮಣಿ, ಇಬ್ಬರಿಗೂ ಮಾರುದ್ದದ ಹಾರ. ಪ್ರಮೀಳಕ್ಕನಿಗೆ ಕರೆ ಹೋಗಿರಲಿಲ್ಲ.

ದೀಪ ಆರಿಸಿದರು. ನಾನು ಡಿಸ್ಕು ಹಾಕಿದೆ. ಚಪ್ಪರ ಬಂತು, ಎಣ್ಣೆ ಶಾಸ್ತ್ರ ಬಂತು, ಜನ ಸತ್ತವರನ್ನೂ ಸಣ್ಣಗಿದ್ದವರನ್ನೂ ಗುರುತು ಹಿಡಿದು ಕೂಗಿದರು. ಅಂಬಾಸಿಡರ್ ಕಾರು ಬಂತು. ನಿಂಗರಾಜು ಕಾರಿನಿಂದ ಇಳಿದ. ಆಮೇಲೆ ಬಂದದ್ದು ಬೀಗರೂಟ. ಎಲೆ ಮುಂದೆ ಕೂತು ಮೂಳೆ ಕಡಿಯುತ್ತಿದ್ದ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಜೋರಾಗಿ, "ಅಲ್ಲಾ, ಕಾರಿಳ್ದೋನು ಸೀದಾ ಬಾಡೂಟಕ್ಕೆ ಕುಂತ್ಬುಟ್ನಲ್ಲಪ್ಪ! ತಾಳಿ ಯಾವಾಗ್ ಕಟ್ದ?" ಎಂದಳು.

ಛತ್ರವೇ ನಕ್ಕಿತು. ನಿಂಗರಾಜುವೂ ನಗಲು ನೋಡಿದ. ಸುಧಾಮಣಿ ಮಾತ್ರ ನಗಲಿಲ್ಲ. ಎದ್ದು ನಿಂತು ಗಂಡನ ಕಡೆ ತಿರುಗಿದಳು. ಅಷ್ಟು ವರ್ಷ ಆ ಮನೆಯಲ್ಲಿ ಅವಳ ದನಿಯನ್ನು ಹೊರಗಿನವರು ಕೇಳಿರಲಿಲ್ಲ ಎಂದು ಆಮೇಲೆ ಅರ್ಪಿತ ನನಗೆ ಹೇಳಿದಳು.

"ಎಲ್ರೀ ಧಾರೆ? ತಾಳಿ ಕಟ್ಟೋದು ಎಲ್ಲಿ?"

"ಕಟ್ ಮಾಡುಸ್ದೆ ಕಣೆ. ಅವ್ಳು ಬತ್ತಿದ್ಲಲ್ಲ, ಅದ್ಕೆ."

"ಕಟ್ದೋರು ನೀವು, ಕಟ್ಟುಸ್ಕಂಡೋಳು ನಾನು. ತೆಗ್ಸಾಕ್‌ ಮುಂಚೆ ನನ್ನ ಒಂದ್ ಮಾತು ಕೇಳುದ್ರಾ? ನಿಮ್ಮ ಗದ್ದೆ ಜಗಳಕ್ಕೆ ನನ್ ತಾಳಿ ತೆಗೆದಾಕುದ್ರಾ?" ಅವಳ ಕತ್ತಿನ ನರ ಉಬ್ಬಿತ್ತು. ನನ್ನ ಕಡೆ ತಿರುಗಿ, "ಪೂರ್ತಿದು ಅದಾ ನಿಮ್ಮತ್ರ? ಆಕಿ" ಎಂದಳು.

ಪೂರ್ತಿಯದು ಲ್ಯಾಪ್‌ಟಾಪಿನಲ್ಲೇ ಇತ್ತು. ಹಾಕಿದೆ. ದೊಡ್ಡ ಪರದೆಯ ತುಂಬ ಹಸಿರು ಸೀರೆ, ಕೈಯಲ್ಲಿ ಕಳಸ. "ನಮ್ ಪ್ರಮೀಳಾ!" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು. ನಿಂಗರಾಜು ವೇದಿಕೆಯಿಂದ ಹಾರಿ ಬಂದ. ಹಾರ ಕಾಲಿಗೆ ಸಿಕ್ಕಿ ಮುಗ್ಗರಿಸಿದ. ನನ್ನ ಮೇಜಿಗೆ ಬಂದು ವೈರು ಹಿಡಿದು ಎಳೆದು ಕಿತ್ತ. ತಾಳಿಗೆ ಇನ್ನೂ ಸ್ವಲ್ಪ ಹೊತ್ತಿತ್ತು, ಅವ್ವ ಬರುವುದಕ್ಕೂ ಸ್ವಲ್ಪ ಹೊತ್ತಿತ್ತು. ಪರದೆ ನೀಲಿಯಾಯಿತು.

"ಅವ್ಳ ಕಡೆಯೋಳೇನೇ ನೀನು?" ಎಂದು ನನ್ನ ಮೇಲೆ ಎಗರಿದ.

"ಬಂದು ನೋಡಿ ಅಂತ ಅವತ್ತೇ ಹೇಳಿದ್ದೆ. ಟೈಮಿಲ್ಲ ಅಂದ್ರಿ" ಎಂದೆ. ಅವನ ಆ ಉಂಗುರದ ಕೈಗೆ ಒಂದು ಏಟು ಕೊಡಬೇಕೆನ್ನಿಸಿತ್ತು.

ಸುಧಾಮಣಿ ಹಾರ ತೆಗೆದು ಸಿಂಹಾಸನದ ಮೇಲಿಟ್ಟು ಕೆಳಗಿಳಿದಳು. ಹೆಂಗಸರ ಮಧ್ಯೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಯಾರು ಕರೆದರೂ ಕೇಕ್ ಕತ್ತರಿಸಲು ಏಳಲಿಲ್ಲ. ನಿಂಗರಾಜು ಒಬ್ಬನೇ ಕತ್ತರಿಸಿ, ಅದನ್ನು ಯಾರಿಗೆ ತಿನ್ನಿಸಬೇಕೆಂದು ಗೊತ್ತಾಗದೆ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ವೈರು ಸುತ್ತಿಕೊಂಡು ಊಟ ಮಾಡದೆ ಹೊರಟು ಬಂದೆ.

ಆಮೇಲೆ ಅವನು ಒಬ್ಬ ನೆಂಟನ ಕೈಲಿ ಪ್ರಮೀಳಕ್ಕನಿಗೆ ಹೇಳಿ ಕಳಿಸಿದನಂತೆ. ಕೇಸು ವಾಪಸ್ ತೆಗೆದುಕೊಂಡರೆ ಮನೆಗೆ ಸೇರಿಸುತ್ತೇನೆ, ಅರ್ಪಿತಳ ಮದುವೆಗೆ ಮುಂದೆ ನಿಲ್ಲಿಸುತ್ತೇನೆ, ಗುಡ್ಡದ ಕಡೆಯ ಹೊಲ ಬೇಕಾದರೆ ಬರೆದುಕೊಡುತ್ತೇನೆ ಎಂದು. ಹೆಂಡತಿ ಮಾತು ಬಿಟ್ಟಿದ್ದಾಳೆ ಎಂಬುದನ್ನು ಅವನು ಹೇಳಿ ಕಳಿಸಲಿಲ್ಲ. ಅದನ್ನು ಅರ್ಪಿತಳೇ ಹೇಳಿದ್ದಳು. ಪ್ರಮೀಳಕ್ಕ ಆ ನೆಂಟನಿಗೆ ಇಡ್ಲಿ ಕೊಟ್ಟು, ಕಾಫಿ ಕೊಟ್ಟು, "ಕೋರ್ಟಲ್ಲಿ ಸಿಕ್ತೀನಿ ಅಂತ ಯೋಳಿ" ಎಂದು ಬಸ್ಸು ಹತ್ತಿಸಿದಳು.

ವಾಯಿದೆ ಇದ್ದದ್ದು ಪಾಂಡವಪುರದಲ್ಲೇ. ಅವತ್ತು ಅಂಗಡಿ ಮುಚ್ಚಿ ಅವಳ ಜೊತೆ ಹೋದೆ. ಕೋರ್ಟಿನ ಮುಂದಿನ ಹೊಂಗೆ ಮರದ ಕೆಳಗೆ ನಿಂಗರಾಜು ತನ್ನ ಲಾಯರ ಜೊತೆ ನಿಂತಿದ್ದ. ನಮ್ಮನ್ನು ಕಂಡು ಮುಖ ಆ ಕಡೆ ತಿರುಗಿಸಿದ. ಇವಳು ಸುಮ್ಮನೆ ಒಳಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಇವಳು ಸೀದಾ ಅವನ ಎದುರಿಗೆ ಹೋಗಿ ನಿಂತಳು. ಜಗಳ ಶುರುವಾಯಿತು ಎಂದು ನಾನು ಹಿಂದೆಯೇ ಓಡಿದೆ. ಲಾಯರು ನಡುವೆ ಬರಲು ನೋಡಿದ.

"ನೀವು ವಸಿ ಸುಮ್ಕಿರಿ ಸಾರ್, ಇದು ಕೇಸಿನ ಇಸ್ಯ ಅಲ್ಲ" ಎಂದು ಅವನನ್ನು ನಿಲ್ಲಿಸಿ, ಪ್ರಮೀಳಕ್ಕ ಬ್ಯಾಗಿನಿಂದ ಪೆನ್ ಡ್ರೈವ್ ತೆಗೆದು ಅಣ್ಣನ ಅಂಗಿಯ ಜೇಬಿಗೆ ತಾನೇ ಹಾಕಿದಳು.

"ಇದ್ರಲ್ಲಿ ಅವ್ವ ಅವ್ಳೆ. ಅವತ್ತು ನೀನು ವೈರು ಕಿತ್ತಾಗ ಅವ್ವ ಇನ್ನೂ ಬಂದಿರ್ಲಿಲ್ವಂತೆ. ಟೀವಿಗೆ ಸಿಗ್ಸಿ ನೋಡು. ಪಕ್ಕದಲ್ಲಿ ನಾನೂ ಇವ್ನಿ, ಬ್ಯಾಡ ಅನ್ಸುದ್ರೆ ಆ ಕಡೆ ನೋಡ್ಬ್ಯಾಡ. ಆದ್ರೆ ಅವ್ವ ನಿಂಗೂ ಅವ್ವನೇ ಕಣಣ್ಣ. ಅವ್ಳಲ್ಲಿ ನಿಂಗೂ ಅರ್ಧ ಪಾಲದೆ. ನಾನು ನಿನ್ನಂಗೆ ಬುಟ್ಕೊಡು ಅಂತ ಸೈನ್ ಆಕುಸ್ಕಳಾಕಿಲ್ಲ."

ಒಳಗಿನಿಂದ ಹೆಸರು ಕೂಗಿದರು. ಪ್ರಮೀಳಕ್ಕ ಸೆರಗು ಬಿಗಿದುಕೊಂಡು ಮೆಟ್ಟಿಲು ಹತ್ತಿದಳು. ನಿಂಗರಾಜುವಿನ ಲಾಯರು, ಬನ್ನಿ ಬನ್ನಿ ಎಂದು ಅವನ ತೋಳು ಹಿಡಿದು ಎಳೆಯುತ್ತಿದ್ದ. ಅವನು ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ಅಲ್ಲೇ ನಿಂತಿದ್ದ, ಕೂಗುತ್ತಿರುವುದು ಯಾರದೋ ಹೆಸರು ಎಂಬಂತೆ.